ಅಕ್ಕನ ಪಟ್ಟಿಯ ಹನ್ನೊಂದು ಜನ

ಎಕ್ಸ್-ರೇ ಅಕ್ಕನಿಗೆ ಒಂದು ಕೆಟ್ಟ ಚಟವಿತ್ತು. ಯಾರನ್ನು ಕಂಡರೂ ಮೊದಲು ಮುಖ ನೋಡುತ್ತಿರಲಿಲ್ಲ, ಮೂಳೆ ನೋಡುತ್ತಿದ್ದಳು. ಮಗಳ ಮದುವೆಯ ಮಾತುಕತೆಗೆ ಬಂದ ಬೀಗರು ಇನ್ನೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ "ನಿಮ್ಮ ಎಡಗಾಲು ಚಿಕ್ಕಂದಿನಲ್ಲಿ ಮುರಿದಿತ್ತಲ್ಲ?" ಎಂದು ಕೇಳಿಬಿಟ್ಟಿದ್ದಳು. ಪಾಪ, ಅವರು ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಮುರಿದಿದ್ದು ನಿಜ. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೇ ಅದು ಗೊತ್ತಿರಲಿಲ್ಲ.

ಇಪ್ಪತ್ತಾರು ವರ್ಷ ಅವಳು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ ಕೆಲಸ ಮಾಡಿದ್ದಳು. ನಡುವೆ ತಣ್ಣನೆಯ ಮೇಜು, ಅದರ ಮೇಲೆ ಹಳಿ ಹಿಡಿದು ಓಡಾಡುವ ಯಂತ್ರ, ಗೂಟಕ್ಕೆ ತೂಗುಹಾಕಿದ ಸೀಸದ ಏಪ್ರನ್, ಮೂಲೆಯಲ್ಲಿ ಸೀಸದ ಗಾಜಿನ ಹಿಂದೆ ಒಬ್ಬಳು ನಿಲ್ಲುವಷ್ಟು ಜಾಗ. ಎಪ್ಪತ್ತು ವರ್ಷದ ಮುದುಕರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಡಾಕ್ಟರು 'ಏನೂ ತೊಂದರೆಯಿಲ್ಲ' ಎಂದು ಬರೆದು ಕಳಿಸಿದ ಚಿತ್ರವನ್ನು ಅವಳು ತಿರುಗಿ ಅವರ ಮುಂದಿಟ್ಟು, ಉಗುರಿನಿಂದ ಒಂದು ಜಾಗ ತೋರಿಸಿ, ಮಾತಾಡದೆ ನಿಲ್ಲುತ್ತಿದ್ದಳು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು, ಒಮ್ಮೆ ಕೆಮ್ಮಿ, ಬರೆದದ್ದನ್ನು ಹೊಡೆದುಹಾಕುತ್ತಿದ್ದರು.

ಇಷ್ಟು ಚುರುಕಾದ ಕಣ್ಣು ಒಂದೇ ಒಂದು ವಿಷಯದಲ್ಲಿ ಪೂರಾ ಕುರುಡು. ಅದು ಊರಿನ ಫುಟ್‌ಬಾಲ್ ತಂಡ. ಕೂದಲೆಳೆಯಂಥ ಬಿರುಕನ್ನು ಹುಡುಕಿ ತೆಗೆಯುವವಳಿಗೆ, ಆ ತಂಡದಲ್ಲಿ ಲಾರಿ ಹಾಯುವಷ್ಟು ದೊಡ್ಡ ತೂತಿದ್ದರೂ ಕಾಣುತ್ತಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವಳು ಹೆರದೆಯೇ ತಂಡದ ಇಪ್ಪತ್ತೆರಡು ಹೆಗ್ಗಣಗಳನ್ನು ಮುದ್ದು ಮಾಡುತ್ತಿದ್ದಳು.

ಈ ಕುರುಡುತನ ಎಲ್ಲರಿಗೂ ಗೊತ್ತಾಗಿದ್ದು ಫ್ಯಾಂಟಸಿ ಫುಟ್‌ಬಾಲ್‌ನಿಂದ. ಆಸ್ಪತ್ರೆಯ ಎಂಟು ಜನ ಸೇರಿ ಹದಿಮೂರು ವರ್ಷದಿಂದ ಅದನ್ನು ಆಡುತ್ತಿದ್ದರು. ಋತು ಶುರುವಾಗುವ ಮುಂಚೆ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಎಂಟೂ ಜನ ಕೂಡುವುದು, ಸರದಿಯ ಮೇಲೆ ಒಬ್ಬೊಬ್ಬರೂ ಒಬ್ಬೊಬ್ಬ ಆಟಗಾರನ ಹೆಸರು ಹೇಳಿ ತಮ್ಮ ಪಟ್ಟಿಗೆ ಸೇರಿಸಿಕೊಳ್ಳುವುದು. ಒಬ್ಬರು ತೆಗೆದುಕೊಂಡವನನ್ನು ಇನ್ನೊಬ್ಬರು ತೆಗೆದುಕೊಳ್ಳುವಂತಿಲ್ಲ. ಹೀಗೆ ಪ್ರತಿಯೊಬ್ಬರಿಗೂ ಹನ್ನೊಂದು ಜನರ ಒಂದು ಕಾಗದದ ತಂಡ. ಆ ಆಟಗಾರರು ನಿಜವಾದ ಮೈದಾನದಲ್ಲಿ ಚೆನ್ನಾಗಿ ಆಡಿದರೆ ಕಾಗದದ ಮೇಲೆ ಅಂಕ. ವರ್ಷದ ಕೊನೆಗೆ ಯಾರು ತಳದಲ್ಲಿದ್ದಾರೋ ಅವರು ಮುಂದಿನ ವರ್ಷವಿಡೀ ಎಲ್ಲರ ಚಹಾ ಕಪ್ಪು ತೊಳೆಯಬೇಕು.

ಬೇರೆಯವರು ದೇಶದ ಮೂಲೆ ಮೂಲೆಯ ತಂಡಗಳಿಂದ ಗಟ್ಟಿ ಕಾಳುಗಳನ್ನು ಆರಿಸಿಕೊಳ್ಳುತ್ತಿದ್ದರು. ಅಕ್ಕ ಮಾತ್ರ ಮೊದಲ ಸರದಿಯಿಂದ ಕೊನೆಯ ಸರದಿವರೆಗೂ ಊರಿನ ತಂಡದವರನ್ನೇ ಹೇಳುತ್ತಿದ್ದಳು. ಬೇರೆ ಯಾರಿಗೂ ಬೇಡವಾದವರನ್ನು ಮೊದಲ ಸರದಿಯಲ್ಲೇ ಯಾಕೆ ತೆಗೆದುಕೊಳ್ಳಬೇಕು, ಕೊನೆಯಲ್ಲಿ ತೆಗೆದುಕೊಂಡರೂ ಸಿಗುತ್ತಾರಲ್ಲ ಎಂದು ಲೆಕ್ಕ ಬಲ್ಲವರು ಹೇಳಿ ಹೇಳಿ ಸೋತರು. "ಕೊನೆಗೆ ತಗೊಂಡ್ರೆ ಅವರಿಗೆ ಬೇಜಾರಾಗಲ್ವಾ?" ಎನ್ನುತ್ತಿದ್ದಳು. ಹದಿಮೂರರಲ್ಲಿ ಹನ್ನೆರಡು ವರ್ಷ ಕಪ್ಪು ತೊಳೆದದ್ದು ಅವಳೇ.

ಈ ಆಯ್ಕೆ ನಡೆಯುತ್ತಿದ್ದುದು ಹಳೆಯ ಡಾರ್ಕ್ ರೂಮಿನಲ್ಲಿ. ಫಿಲ್ಮು ತೊಳೆಯುವ ಕಾಲ ಹೋಗಿ ಎಲ್ಲ ಕಂಪ್ಯೂಟರಿಗೆ ಬಂದ ಮೇಲೆ ಆ ಕೋಣೆ ಬೇರೆ ಯಾರಿಗೂ ಬೇಡವಾಗಿತ್ತು. ಗೋಡೆಯೊಳಗೆ ಇಳಿದ ಔಷಧಿಯ ಹುಳಿ ವಾಸನೆ ಹೋಗಿರಲಿಲ್ಲ. ಬಿಳಿ ದೀಪ ಎಂದೋ ಕೆಟ್ಟುಹೋಗಿ ಕೆಂಪು ದೀಪವೊಂದೇ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಎಂಟು ಮುಖ ಒಂದೇ ಬಣ್ಣಕ್ಕೆ ತಿರುಗಿ, ಮಾತಾಡದಿದ್ದರೆ ಯಾರು ಯಾರೆಂದು ತಿಳಿಯುತ್ತಿರಲಿಲ್ಲ.

ಎಡವಟ್ಟು ಶುರುವಾದದ್ದು ನಾಲ್ಕು ವರ್ಷದ ಹಿಂದೆ. ಊರಿನ ತಂಡದ ನಾಯಕ ಕಾಲುನೋವೆಂದು ಬಂದಿದ್ದ. ಅಕ್ಕ ಚಿತ್ರ ತೆಗೆದಳು. ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಒಂದು ಗೆರೆ. ರೋಗಿಯ ಗುಟ್ಟನ್ನು ಹೊರಗೆ ಹೇಳಬಾರದು. ಅಕ್ಕ ಗಂಡನಿಗೂ ಹೇಳಲಿಲ್ಲ. ಎರಡು ದಿನದ ನಂತರ ಕೆಂಪು ದೀಪದ ಕೆಳಗೆ ಅವಳ ಸರದಿ ಬಂತು. ಪ್ರತಿ ವರ್ಷವೂ ಅವಳು ಮೊದಲು ಹೇಳುತ್ತಿದ್ದ ಹೆಸರು ನಾಯಕನದೇ. ಈ ಸಲ ನಾಲಿಗೆ ತಿರುಗಲಿಲ್ಲ, ಬೇರೊಬ್ಬನನ್ನು ಹೇಳಿದಳು. ಹನ್ನೊಂದೂ ಮುಗಿದರೂ ನಾಯಕ ಉಳಿದೇ ಇದ್ದ. ಡಾಕ್ಟರ ಮಾತು ಕೇಳದೆ ಆಡಿದ ನಾಯಕನ ಕಾಲು ಮೂರನೆಯ ಪಂದ್ಯದಲ್ಲಿ ಮುರಿದ ಸದ್ದು ಮೇಲಿನ ಸಾಲಿನ ಪ್ರೇಕ್ಷಕರಿಗೂ ಕೇಳಿಸಿತಂತೆ.

ಮುರಿದ ಕೈಕಾಲಿಗೆ ಪಟ್ಟಿ ಹಾಕುವ ಪ್ಲಾಸ್ಟರ್ ಮಾವ ಅವಳ ಪಕ್ಕದ ಕೋಣೆಯವನು, ಕಾಗದದ ಆಟದಲ್ಲೂ ಅವಳ ಪಕ್ಕದ ಸರದಿಯವನು. ನಾಯಕನ ಕಾಲಿಗೆ ಪಟ್ಟಿ ಸುತ್ತಿ ಬಂದು, ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತ.

"ಬಾಯಿಗೆ ಬೀಗ ಹಾಕ್ಕೊಂಡೆ ಸರಿ. ಆಟಗಾರರ ಪಟ್ಟಿಗೂ ಬೀಗ ಹಾಕೋದು ಮರೆತೆಯಲ್ಲ" ಎಂದ.

ಅಕ್ಕನಿಗೆ ನಾಚಿಕೆಯಾಯಿತು. ತನ್ನ ಕುರುಡು ಪ್ರೀತಿಯೇ ಸಾಕ್ಷಿ ಹೇಳುತ್ತದೆ ಎಂದು ಅವಳು ಎಣಿಸಿರಲಿಲ್ಲ. ಎಲ್ಲರನ್ನೂ ಪ್ರೀತಿಸುವವಳು ಒಬ್ಬನನ್ನು ಬಿಟ್ಟರೆ ಆ ಒಬ್ಬನಿಗೆ ಏನೋ ಆಗಿದೆ ಎಂದೇ ಅರ್ಥ. ಮುಂದಿನ ವರ್ಷ ಅವಳು ಇಪ್ಪತ್ತೆರಡೂ ಹೆಸರನ್ನು ಚೀಟಿಗಳಲ್ಲಿ ಬರೆದು, ಖಾಲಿ ಫಿಲ್ಮು ಡಬ್ಬಿಯಲ್ಲಿ ಹಾಕಿ, ಕಣ್ಣು ಮುಚ್ಚಿಕೊಂಡು ಹನ್ನೊಂದು ಎತ್ತಿದಳು. ಈಗ ತನಗೆ ಗೊತ್ತಿರುವುದು ಪಟ್ಟಿಗೆ ಸೋರುವ ದಾರಿಯೇ ಇಲ್ಲ. ಡಬ್ಬಿಯಲ್ಲಿ ಉಳಿದವರಲ್ಲಿ ಗುಂಡುಕಲ್ಲಿನಂತಿದ್ದ ಒಬ್ಬ ಫಾರ್ವರ್ಡ್ ಇದ್ದ. ಅವನು ಹುಟ್ಟಿದಾಗಿನಿಂದ ಎಕ್ಸ್-ರೇ ಕೋಣೆಯ ಹೊಸಿಲು ತುಳಿದವನಲ್ಲ. ಐದನೆಯ ಪಂದ್ಯದಲ್ಲಿ, ಸುತ್ತ ಹತ್ತು ಹೆಜ್ಜೆಯಲ್ಲಿ ಯಾರೂ ಇಲ್ಲದಾಗ, ಅವನು ಮಂಡಿ ಹಿಡಿದುಕೊಂಡು ಕುಸಿದು ಕೂತ. ಮತ್ತೆ ಆಡಲಿಲ್ಲ.

"ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು ಬಿಡು" ಎಂದ ಪ್ಲಾಸ್ಟರ್ ಮಾವ. ಅದರ ಮುಂದಿನ ವರ್ಷ ಡಬ್ಬಿಯಲ್ಲಿ ಉಳಿದವರಲ್ಲಿ ಇಬ್ಬರು ಬಿದ್ದರು. ಅದರ ಮುಂದಿನ ವರ್ಷ ಮೂವರು. ಕಾಗೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಎಂಟು ಜನರಲ್ಲಿ ಒಬ್ಬನಾದ ಆಂಬುಲೆನ್ಸ್ ಡ್ರೈವರನ ತಮ್ಮ ಮೈದಾನದಲ್ಲಿ ಹುಲ್ಲು ಕತ್ತರಿಸುವವನು. ಅವನ ಕಿವಿಗೆ ಬಿದ್ದದ್ದು ಆಟಗಾರರ ಕಿವಿಗೆ ಬೀಳದೆ ಇರುತ್ತದೆಯೇ? ಅಕ್ಕನ ಪಟ್ಟಿಯಲ್ಲಿ ಇದ್ದವನಿಗೆ ಏನೂ ಆಗುವುದಿಲ್ಲ, ಇಲ್ಲದವನು ಬೀಳುತ್ತಾನೆ. ಊರು ಹೀಗೆ ಮಾತಾಡತೊಡಗಿತು.

ಅಕ್ಕ ಆಟ ಬಿಟ್ಟುಬಿಡಬಹುದಿತ್ತು. ಒಮ್ಮೆ ಹಾಗೆ ಹೇಳಿಯೂ ನೋಡಿದಳು. ತಂಡದವರೇ ಇಬ್ಬರು ಮನೆ ಬಾಗಿಲಿಗೆ ಬಂದು, "ನೀವು ಬಿಟ್ರೆ ನಾವೆಲ್ಲರೂ ಹೊರಗಿದ್ದ ಹಾಗಾಯ್ತಲ್ಲ ಅಕ್ಕ" ಎಂದರು. ಅಕ್ಕ ಮತ್ತೆ ಫಿಲ್ಮು ಡಬ್ಬಿ ಹೊರತೆಗೆದಳು.

ಈ ಸಲದ ಕಥೆ ಅಳಿಯನದು. ಅಳಿಯ ಊರಿನ ತಂಡದ ಗೋಲ್‌ಕೀಪರ್. ಅಳಿಯನಿಗೆ ಮರ್ಯಾದೆ ಕೊಟ್ಟು ಮಾತಾಡು ಎಂದು ನೆಂಟರು ಬುದ್ಧಿ ಹೇಳಿದ್ದರು. ಆದರೆ ಐದು ವರ್ಷ ಗೋಲು ಬಿಟ್ಟಾಗಲೆಲ್ಲ ಗ್ಯಾಲರಿಯಿಂದ 'ಲೋ' ಎಂದು ಬೈದವಳಿಗೆ, ಮಗಳ ಕೈ ಹಿಡಿದ ಮಾತ್ರಕ್ಕೆ ಅವನನ್ನು ಬನ್ನಿ ಹೋಗಿ ಎನ್ನಲು ಬಾಯಿ ಬರಲಿಲ್ಲ. ಅವನಿಗೂ ಅದೇ ಇಷ್ಟ. ಅತ್ತೆ ಅಳಿಯ ಕೂತರೆ ಫುಟ್‌ಬಾಲ್ ಬಿಟ್ಟು ಬೇರೆ ಮಾತಿಲ್ಲ, ಮಗಳು ಇಬ್ಬರ ತಟ್ಟೆಯನ್ನೂ ಎತ್ತಿಕೊಂಡು ಹೋಗುವವರೆಗೆ ಏಳುತ್ತಿರಲಿಲ್ಲ.

ಆಯ್ಕೆಯ ದಿನಕ್ಕೆ ಇನ್ನು ಮೂರು ದಿನವಿದೆ ಎನ್ನುವಾಗ ಅವನು ಎಕ್ಸ್-ರೇ ಕೋಣೆಗೆ ಬಂದ. ಎಡಗೈ ಜೇಬಿನಲ್ಲಿತ್ತು. ಅವನು ಕೂರುವ ಮುಂಚೆಯೇ ಅಕ್ಕ "ಕೈ ತೆಗಿ" ಎಂದಳು. ಹೆಬ್ಬೆರಳಿನ ಬುಡದ ಗುಳಿಯನ್ನು ಒತ್ತಿದಾಗ ಅವನು ಹಲ್ಲು ಕಚ್ಚಿದ. ಡಾಕ್ಟರ ಚೀಟಿಯಿಲ್ಲದೆ ಚಿತ್ರ ತೆಗೆಯಬಾರದು. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ತೆಗೆಯದವಳು ಅಂದು ಬಾಗಿಲು ಹಾಕಿಕೊಂಡು ತೆಗೆದಳು. ಮಣಿಕಟ್ಟಿನಲ್ಲಿ ಗೋಡಂಬಿಯಷ್ಟು ದೊಡ್ಡ ಒಂದು ಮೂಳೆ ಇರುತ್ತದೆ. ಅದರ ನಡುವೆ ಒಂದು ಗೆರೆ ಕಂಡಿತು.

"ಎಂಟು ವಾರ ಪ್ಲಾಸ್ಟರ್ ಹಾಕಿದ್ರೆ ಕೂಡ್ಕೊಳ್ಳುತ್ತೆ. ಹಾಕದೆ ಆಡಿದ್ರೆ ಎರಡು ತುಂಡಾಗುತ್ತೆ" ಎಂದಳು.

"ಎಂಟು ವಾರ ಕೂತ್ರೆ ಎರಡನೇ ಕೀಪರ್ ನನ್ನ ಜಾಗದಲ್ಲಿ ನಿಲ್ತಾನೆ ಅತ್ತೆ. ಕಾಂಟ್ರ್ಯಾಕ್ಟ್ ಈ ವರ್ಷ ಮುಗಿಯುತ್ತೆ. ಯಾರಿಗೂ ಹೇಳ್ಬೇಡಿ."

"ನಾನು ಹೇಳೋ ಹಾಗೂ ಇಲ್ಲ. ಆದ್ರೆ ಕೈ ನಿನ್ನದು, ನೀನೇ ಡಾಕ್ಟರ ಹತ್ರ ಹೋಗು."

ಅವನು ತೆರೆಯ ಮೇಲಿನ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. "ಶುಕ್ರವಾರ ಚೀಟಿ ಎತ್ಬೇಡಿ. ನನ್ನನ್ನ ಮೊದಲು ಹೇಳಿಬಿಡಿ. ಆಮೇಲೆ ಏನೂ ಆಗಲ್ಲ."

"ಮೂಳೆಗೆ ಕಿವಿ ಇದೆಯೇನೋ, ನಾನು ಹೇಳಿದ್ದು ಕೇಳಿಸ್ಕೊಳ್ಳೋಕೆ?"

ಅವನು ನಕ್ಕ. ಕಣ್ಣು ನಗಲಿಲ್ಲ. ಅಂದು ಸಂಜೆ ಮಗಳು ಬಂದು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, "ಅಮ್ಮ, ಅವರು ಊಟ ಬಿಟ್ಟಿದಾರೆ. ಒಂದು ಹೆಸರು ಹೇಳೋಕೆ ನಿನ್ನ ಗಂಟೇನು ಹೋಗುತ್ತೆ?" ಎಂದಳು. ಅತ್ತ ದರಿ, ಇತ್ತ ಪುಲಿ. ಬಿಟ್ಟರೆ ಅವನು ಹೆದರಿಯೇ ಬೀಳುತ್ತಾನೆ, ಬಿಟ್ಟದ್ದರಿಂದಲೇ ಕ್ಲಬ್ಬಿಗೂ ಗುಟ್ಟು ತಿಳಿಯುತ್ತದೆ. ತೆಗೆದುಕೊಂಡರೆ ಬಿರುಕು ಬಿಟ್ಟ ಕೈಯಲ್ಲಿ ಆಡುತ್ತಾನೆ. ಅಕ್ಕ ಎರಡು ದಿನ ತೂಗಿ ನೋಡಿದಳು. ತಕ್ಕಡಿಯ ಒಂದು ತಟ್ಟೆಯಲ್ಲಿ ಮಗಳ ಮುಖವಿದ್ದರೆ ಇನ್ನೊಂದು ಎಲ್ಲಿಂದ ಇಳಿಯಬೇಕು?

ಶುಕ್ರವಾರ ಮಧ್ಯಾಹ್ನ, ಕೆಂಪು ದೀಪದ ಕೆಳಗೆ, ಅವಳು ಅಳಿಯನ ಹೆಸರನ್ನು ಮೊದಲು ಹೇಳಿದಳು. ಬಾಗಿಲು ಮುಚ್ಚಿತ್ತು. ಒಳಗಿದ್ದ ಉಳಿದ ಏಳು ಜನರಲ್ಲಿ ಯಾರೂ ಫೋನು ಮುಟ್ಟಿರಲಿಲ್ಲ. ಅವಳ ಬಾಯಿ ಮುಚ್ಚುವುದಕ್ಕೂ ಮಡಿಲಲ್ಲಿದ್ದ ಅವಳ ಫೋನು ನಡುಗುವುದಕ್ಕೂ ಸರಿಹೋಯಿತು. ಅಳಿಯನ ಸಂದೇಶ. 'ನೋವು ಹೋಯ್ತು ಅತ್ತೆ' ಎಂದಿತ್ತು.

ಅವಳು ಅದನ್ನು ಮೂರು ಸಲ ಓದಿದಳು. ಉಳಿದ ಹತ್ತು ಹೆಸರನ್ನು ಹೇಗೆ ಹೇಳಿದಳೋ ಅವಳಿಗೆ ನೆನಪಿಲ್ಲ.

ಋತು ಶುರುವಾಯಿತು. ಊರಿನ ತಂಡ ಮೊದಲ ಪಂದ್ಯ ಗೆದ್ದಿತು, ಎರಡನೆಯದನ್ನೂ ಗೆದ್ದಿತು. ನಾಲ್ಕು ಪಂದ್ಯದಲ್ಲಿ ಅಳಿಯ ಒಂದೇ ಗೋಲು ಬಿಟ್ಟ. ಎಡಗೈಯನ್ನು ಚಾಚಿ ಅವನು ಚೆಂಡನ್ನು ಹೊರಗೆ ತಳ್ಳಿದಾಗ ಇಡೀ ಮೈದಾನ ಎದ್ದು ನಿಲ್ಲುತ್ತಿತ್ತು, ಅಕ್ಕ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಹನ್ನೆರಡು ವರ್ಷ ಕಪ್ಪು ತೊಳೆದವಳು ಈಗ ಅಂಕಪಟ್ಟಿಯ ತುದಿಯಲ್ಲಿದ್ದಳು. ಯಾರೂ ಅವಳನ್ನು ಅಭಿನಂದಿಸಲಿಲ್ಲ. ಲ್ಯಾಬ್‌ನವಳು ಚಹಾ ತಂದುಕೊಡುವಾಗ ಕಪ್ಪನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟು ಹೋಗತೊಡಗಿದ್ದಳು.

ಪಟ್ಟಿಯ ಹೊರಗಿದ್ದವರು ಒಬ್ಬೊಬ್ಬರಾಗಿ ಉದುರಿದರು. ಒಬ್ಬ ಬಸ್ಸಿನ ಮೆಟ್ಟಿಲು ಇಳಿಯುವಾಗ ಪಾದ ಉಳುಕಿಸಿಕೊಂಡ. ಒಬ್ಬ ಸಾಕ್ಸು ಎಳೆದುಕೊಳ್ಳಲು ಬಗ್ಗಿದವನು ಮೇಲೇಳಲಾಗದೆ ಹಾಗೇ ಉಳಿದ. ಒಬ್ಬ ಸ್ನಾನದ ಕೋಣೆಯಲ್ಲಿ ಜಾರಿದ. ಹೆದರಿದ ಕಾಲು ಬೇಗ ಮುರಿಯುತ್ತದೆ ಎಂದು ಪ್ಲಾಸ್ಟರ್ ಮಾವ ವೈಜ್ಞಾನಿಕವಾಗಿ ವಿವರಿಸಿದ. ವಿವರಿಸುವಾಗ ಅವನೂ ಮೆಟ್ಟಿಲ ಕಂಬಿ ಹಿಡಿದುಕೊಂಡೇ ಇದ್ದ. ಆರನೆಯ ವಾರಕ್ಕೆ ಕೋಚ್ ಬೇರೆ ದಾರಿಯಿಲ್ಲದೆ ಅಕ್ಕನ ಹನ್ನೊಂದು ಜನರನ್ನೇ ಕಣಕ್ಕಿಳಿಸಿದರು. ನೋಡಿ, ಲೋಕದಲ್ಲಿ ಮೈದಾನದ ತಂಡ ನೋಡಿ ಕಾಗದದ ತಂಡ ಮಾಡುತ್ತಾರೆ. ಇಲ್ಲಿ ಕಾಗದ ನೋಡಿ ಮೈದಾನ ನಡೆಯತೊಡಗಿತು.

ಪ್ರತಿ ಗುರುವಾರ ಬೆಳಿಗ್ಗೆ ಅವರು ಆಸ್ಪತ್ರೆಗೆ ಬರುತ್ತಿದ್ದರು. ನೆಲಮಾಳಿಗೆಯ ಓಣಿಯ ಬೆಂಚಿನ ಮೇಲೆ ಹನ್ನೊಂದು ಜನ ಗಟ್ಟಿಮುಟ್ಟಾದ ಗಂಡಸರು ಕೈ ಕಟ್ಟಿಕೊಂಡು ಸಾಲಾಗಿ ಕೂತಿರುತ್ತಿದ್ದರು. ನಿಜವಾಗಿ ಕಾಲು ಮುರಿದು ಬಂದವರು ಊರುಗೋಲಿನ ಮೇಲೆ ನಿಂತು ಅವರಿಗೆ ಜಾಗ ಬಿಡುತ್ತಿದ್ದರು. ಒಬ್ಬೊಬ್ಬನೇ ಬಾಗಿಲಿಗೆ ಬಂದು ಒಂದೇ ಮಾತು ಕೇಳುವುದು.

"ಅಕ್ಕ, ನಾನು ಇದೀನಲ್ಲ?"

"ಇದೀಯ."

ಅಷ್ಟಕ್ಕೆ ಅವನ ಭುಜ ಇಳಿಯುತ್ತಿತ್ತು, ಉಸಿರು ಬಿಡುತ್ತಿದ್ದ, ಹೊರಟುಹೋಗುತ್ತಿದ್ದ. ಮುಂದಿನವನು ಏಳುತ್ತಿದ್ದ. ಪಟ್ಟಿಯಲ್ಲಿಲ್ಲದವರು ಒಳಗೆ ಬರುತ್ತಿರಲಿಲ್ಲ. ರಸ್ತೆಯ ಆಚೆ ಬದಿಯ ಗೋಡೆಗೆ ಒರಗಿ ನಿಂತು ಆಸ್ಪತ್ರೆಯ ಬಾಗಿಲನ್ನೇ ನೋಡುತ್ತಿದ್ದರು. ಅಕ್ಕ ಕೆಲಸ ಮುಗಿಸಿ ಹೊರಗೆ ಬಂದಾಗಲೂ ಅವರು ಅಲ್ಲೇ ಇರುತ್ತಿದ್ದರು. ಅವಳು ತಲೆ ತಗ್ಗಿಸಿಕೊಂಡು ಬಸ್ಸಿಗೆ ಹೋಗುತ್ತಿದ್ದಳು.

ಎಂಟನೆಯ ವಾರ, ಒಂದು ಭಾನುವಾರದ ಊಟಕ್ಕೆ ಮಗಳು ಅಳಿಯ ಬಂದಿದ್ದರು. ಯಾರಿಂದಲೂ ತೆರೆಯಲಾಗದ ಒಂದು ಬಾಟಲಿಯ ಮುಚ್ಚಳವನ್ನು ಅಳಿಯ ಎಡಗೈಯಿಂದ ತಿರುಗಿಸಿ ತೆರೆದ. ಟಕ್ ಎಂದು ಒಂದು ಸದ್ದು. ಮುಚ್ಚಳದ್ದಲ್ಲ. ಅಕ್ಕ ತಲೆಯೆತ್ತಿದಳು. ಅವನು ನೀರಿನ ಲೋಟ ಎತ್ತಿದ, ಟಕ್. ಬಾಗಿಲಿನ ಹಿಡಿ ತಿರುಗಿಸಿದ, ಟಕ್. ಮಗಳು ನಗುತ್ತ ಏನೋ ಹೇಳುತ್ತಿದ್ದಳು. ಆ ಸದ್ದು ಅವಳಿಗೂ ಕೇಳಿಸುತ್ತಿರಲಿಲ್ಲ, ಅವನಿಗೂ ಕೇಳಿಸುತ್ತಿರಲಿಲ್ಲ.

ಮರುದಿನ ಅಕ್ಕ ಅವನನ್ನು ಕರೆಸಿ ಎರಡನೆಯ ಚಿತ್ರ ತೆಗೆದಳು. ಗೋಡಂಬಿಯಷ್ಟಿದ್ದ ಮೂಳೆ ಎರಡು ತುಂಡಾಗಿತ್ತು. ತುಂಡುಗಳ ಅಂಚು ಆಗಲೇ ಸವೆದು ನುಣ್ಣಗಾಗುತ್ತಿತ್ತು. ಒಂದು ತುಂಡು ಇನ್ನೊಂದಕ್ಕಿಂತ ಬೆಳ್ಳಗೆ ಹೊಳೆಯುತ್ತಿತ್ತು. ರಕ್ತ ಸಿಗದೆ ಸಾಯುತ್ತಿರುವ ಮೂಳೆ ಬದುಕಿರುವ ಮೂಳೆಗಿಂತ ಬೆಳ್ಳಗೆ ಕಾಣುತ್ತದೆ. ಇನ್ನು ಕೆಲವು ವಾರ ಹೀಗೇ ಬಿಟ್ಟರೆ ಆ ತುಂಡು ಪೂರ್ತಿ ಸತ್ತು, ಅವನ ಕೈ ಚೆಂಡು ಹಿಡಿಯುವುದಿರಲಿ, ಮುಷ್ಟಿ ಕಟ್ಟುವುದಕ್ಕೂ ಬರುತ್ತಿರಲಿಲ್ಲ.

ಅಕ್ಕ ಅವನ ಹೆಬ್ಬೆರಳಿನ ಬುಡದ ಗುಳಿಯನ್ನು ಮತ್ತೆ ಒತ್ತಿದಳು. ಎಂಥವನೂ ಕಿರುಚಬೇಕಾದ ಜಾಗ ಅದು. ಶಕ್ತಿಯಿದ್ದಷ್ಟೂ ಒತ್ತಿದಳು. ಬೆರಳಿನ ಕೆಳಗೆ ಎರಡು ತುಂಡು ಒಂದರ ಮೇಲೊಂದು ಸರಿದದ್ದು ಅವಳಿಗೆ ತಿಳಿಯಿತು. ಅವನು ನಗುತ್ತ ಅವಳನ್ನೇ ನೋಡುತ್ತಿದ್ದ.

"ಏನೂ ಆಗಲ್ಲ ಅತ್ತೆ. ನೀವು ತಗೊಂಡಿದೀರಲ್ಲ."

"ಮುರಿದಿದೆ ಕಣೋ. ಚಿತ್ರ ನೋಡು. ಇವತ್ತೇ ಡಾಕ್ಟರಿಗೆ ತೋರಿಸು, ಕೋಚ್‌ಗೆ ಹೇಳು."

"ಕೋಚ್‌ಗೆ ಏನಂತ ಹೇಳ್ಲಿ? ಗೋಡೆಗೆ ಗುದ್ದಿ ತೋರಿಸ್ತೀನಿ ಬೇಕಾದ್ರೆ." ಹೇಳಿದ್ದಷ್ಟೇ ಅಲ್ಲ, ಎದ್ದು ಗೋಡೆಗೆ ಗುದ್ದಿದ. ಸೀಸದ ಗಾಜು ಅದುರಿತು. ಅವನ ಮುಖದ ಒಂದು ಗೆರೆಯೂ ಅಲುಗಲಿಲ್ಲ.

ಅವನು ಹೋದ ಮೇಲೆ ಅಕ್ಕ ಆ ಗಾಜಿನ ಹಿಂದೆ ಹೋಗಿ ನಿಂತಳು. ಇಷ್ಟು ವರ್ಷ ಆ ಜಾಗದಲ್ಲಿ ಅವಳಿಗೆ ಎಂದೂ ಭಯವಾಗಿರಲಿಲ್ಲ. ತನ್ನ ಒಂದು ಮಾತಿನಿಂದ ಒಬ್ಬನ ನೋವು ಸತ್ತುಹೋಗಿದೆ, ಕೈ ಸಾಯುತ್ತಿದ್ದರೂ ಅವನಿಗೆ ಗೊತ್ತಾಗುತ್ತಿಲ್ಲ. ಯಾರು ಹೇಳಿದರೂ ಅವನು ನಂಬುವುದಿಲ್ಲ, ನಂಬುವುದು ಪಟ್ಟಿಯೊಂದನ್ನೇ. ಹಾಗಾದರೆ ಪಟ್ಟಿಯಿಂದಲೇ ಅವನನ್ನು ತೆಗೆಯಬೇಕು. ಆಟದಲ್ಲಿ ಅದಕ್ಕೊಂದು ನಿಯಮವಿತ್ತು. ಒಂಬತ್ತನೆಯ ವಾರ ಎಲ್ಲರೂ ಮತ್ತೆ ಕೂಡಿದಾಗ ಒಬ್ಬೊಬ್ಬರು ಒಬ್ಬ ಆಟಗಾರನನ್ನು ಬಿಟ್ಟು ಬೇರೊಬ್ಬನನ್ನು ತೆಗೆದುಕೊಳ್ಳಬಹುದು. ಬಿಟ್ಟವನನ್ನು ಆ ವರ್ಷ ವಾಪಸು ಸೇರಿಸಿಕೊಳ್ಳುವಂತಿಲ್ಲ.

ಆದರೆ ಬಿಟ್ಟವರು ಬೀಳುತ್ತಾರೆ. ಅವನು ಎಲ್ಲಿ ಬೀಳುತ್ತಾನೋ ಎಂಬ ಯೋಚನೆಯಲ್ಲಿ ಅವಳು ಆ ವಾರವಿಡೀ ಮಲಗಲಿಲ್ಲ. ಮೆಟ್ಟಿಲ ಮೇಲೋ, ರಸ್ತೆ ದಾಟುವಾಗಲೋ? ಬೀಳುವುದೇ ಆದರೆ ತನ್ನ ಕಣ್ಣ ಮುಂದೆ, ಕುರ್ಚಿಯಲ್ಲಿ ಕೂತಿರುವಾಗ ಬೀಳಲಿ ಎಂದು ಕೊನೆಗೆ ನಿಶ್ಚಯಿಸಿದಳು.

ಗುರುವಾರ ಬೆಳಿಗ್ಗೆ ಅವಳು ಮೂಳೆ ಡಾಕ್ಟರ ಬಳಿ ಹೋಗಿ, ಎರಡೂ ಚಿತ್ರ ಮುಂದಿಟ್ಟು, ಚೀಟಿಯಿಲ್ಲದೆ ತೆಗೆದದ್ದನ್ನು ಒಪ್ಪಿಕೊಂಡಳು. ಡಾಕ್ಟರು ಬೈದರು. ಆಮೇಲೆ ಚಿತ್ರವನ್ನು ಬಹಳ ಹೊತ್ತು ನೋಡಿ, "ಈ ಕೈಯಲ್ಲಿ ಇವನು ಆಡ್ತಿದ್ದಾನಾ?" ಎಂದರು. ಇವತ್ತು ಪ್ಲಾಸ್ಟರ್ ಹಾಕಿ, ಸೋಮವಾರ ಆಪರೇಷನ್ ಮಾಡಿ ತಿರುಪು ಕೂರಿಸಿದರೆ ಕೈ ಉಳಿದೀತು, ಆದರೆ ಅವನು ಒಪ್ಪುತ್ತಾನೆಯೇ ಎಂದು ಕೇಳಿದರು. "ಮಧ್ಯಾಹ್ನದ ಮೇಲೆ ಒಪ್ತಾನೆ" ಎಂದಳು ಅಕ್ಕ.

ಊಟದ ಹೊತ್ತಿಗೆ ಡಾರ್ಕ್ ರೂಮಿನಲ್ಲಿ ಎಂಟು ಜನ ಕೂಡಿದರು. ಅಕ್ಕನ ಸರದಿ ಬಂತು. ಅಳ್ಳಾಡದ ದನಿಯಲ್ಲಿ ಅವಳು ಅಳಿಯನನ್ನು ಬಿಟ್ಟೆ ಎಂದಳು, ಎರಡನೇ ಕೀಪರನನ್ನು ತೆಗೆದುಕೊಂಡೆ ಎಂದಳು. ಅವಳು ಫೋನನ್ನು ಮುಂಚೆಯೇ ಆರಿಸಿಟ್ಟಿದ್ದಳು.

ಅಳಿಯನನ್ನು ಅವಳು ಬೆಳಿಗ್ಗೆಯಿಂದಲೇ ಪ್ಲಾಸ್ಟರ್ ಕೋಣೆಯಲ್ಲಿ ಕೂರಿಸಿದ್ದಳು, ಮಗಳು ಮಧ್ಯಾಹ್ನ ಬರುತ್ತಾಳೆ, ಕಾಯುತ್ತಿರು ಎಂದು ಹೇಳಿ. ಪ್ಲಾಸ್ಟರ್ ಮಾವ ಬೋಗುಣಿಯಲ್ಲಿ ಉಗುರುಬೆಚ್ಚನೆಯ ನೀರು ತುಂಬಿ, ಪಟ್ಟಿಯ ಸುರುಳಿಗಳನ್ನು ಬಿಚ್ಚಿಟ್ಟು, ಹತ್ತಿಯನ್ನು ಹರಿದು ಸಿದ್ಧಮಾಡಿಕೊಂಡಿದ್ದ. ಅಕ್ಕ ಒಳಗೆ ಬಂದಾಗ ಅಳಿಯನ ಮುಖ ಆಗಲೇ ಬಿಳುಚಿಕೊಂಡಿತ್ತು. ಯಾಕೆಂದು ಅವನಿಗೇ ಗೊತ್ತಿರಲಿಲ್ಲ. ಅವಳು ಸ್ಟೂಲು ಎಳೆದುಕೊಂಡು ಅವನೆದುರು ಕೂತು, ಅವನ ಬಲಗೈ ಹಿಡಿದುಕೊಂಡಳು.

"ನಿನ್ನನ್ನ ಪಟ್ಟಿಯಿಂದ ತೆಗೆದೆ" ಎಂದಳು.

ಅವನು ಮೊದಲು ನಕ್ಕ. ಆಮೇಲೆ ತನ್ನ ಎಡಗೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದ. ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಒಂಬತ್ತು ವಾರದಿಂದ ಎಲ್ಲೋ ಹೊರಗೆ ನಿಂತಿದ್ದ ನೋವು, ಆಡಿದ ಒಂದೊಂದು ಪಂದ್ಯದ್ದೂ, ಹಿಡಿದ ಒಂದೊಂದು ಚೆಂಡಿನದೂ, ಗೋಡೆಗೆ ಗುದ್ದಿದ್ದೂ ಸೇರಿ ಒಟ್ಟಿಗೆ ಒಳಗೆ ನುಗ್ಗಿತು. ಅವನ ಬಾಯಿಂದ ಬಂದ ಸದ್ದನ್ನು ಅಕ್ಕ ಆಸ್ಪತ್ರೆಯಲ್ಲಿ ಅಷ್ಟು ವರ್ಷದಲ್ಲಿ ಕೇಳಿರಲಿಲ್ಲ. ಪ್ಲಾಸ್ಟರ್ ಮಾವ ಮೊಣಕೈಯನ್ನು ಭದ್ರವಾಗಿ ಹಿಡಿದು ಹತ್ತಿ ಸುತ್ತತೊಡಗಿದ.

"ಅತ್ತೆ, ತಗೊಂಡೆ ಅನ್ನಿ" ಎಂದ ಅಳಿಯ. "ಸುಳ್ಳಾದ್ರೂ ಅನ್ನಿ. ಒಂದು ಸಲ ಅಂದ್ರೆ ಸಾಕು, ಹೋಗ್ಬಿಡುತ್ತೆ."

ಹೋಗುತ್ತದೆ ಎಂದು ಅಕ್ಕನಿಗೆ ಗೊತ್ತಿತ್ತು. ಆ ಒಂದು ಮಾತು ಹೇಳಿದರೆ ಆ ಕ್ಷಣವೇ ಅವನ ಮುಖ ತಿಳಿಯಾಗುತ್ತದೆ, ಅವನು ಏಳುತ್ತಾನೆ, ಹಸಿ ಪಟ್ಟಿಯನ್ನು ಕಿತ್ತೆಸೆದು ಶನಿವಾರ ಗೋಲಿನ ಮುಂದೆ ನಿಲ್ಲುತ್ತಾನೆ. ಜೀವಮಾನದಲ್ಲಿ ಅವಳಿಗೆ ಯಾವ ಮಾತನ್ನೂ ಹೇಳಬೇಕು ಎಂದು ಇಷ್ಟು ಆಸೆಯಾಗಿರಲಿಲ್ಲ. ಅವಳು ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಳು.

ಮಗಳು ಬಂದದ್ದು ಆಗ. ಗಂಡನ ಸ್ಥಿತಿ ನೋಡಿ, ಅವನು ಹೇಳುತ್ತಿದ್ದುದನ್ನು ಕೇಳಿ, ಅವಳು ಅಮ್ಮನ ಮುಂದೆ ಮಂಡಿಯೂರಿ ಕೂತುಬಿಟ್ಟಳು.

"ಅಮ್ಮ, ಹೇಳಮ್ಮ. ನಿನ್ನ ಕಾಲಿಗೆ ಬೀಳ್ತೀನಿ. ಒಂದೇ ಒಂದು ಮಾತು. ಅವರು ಹೆಂಗೆ ಒದ್ದಾಡ್ತಿದಾರೆ ಕಾಣಲ್ವಾ ನಿನಗೆ?"

ಅಕ್ಕನಿಗೆ ಕಾಣುತ್ತಿತ್ತು. ಬಾಯಿ ತೆರೆದರೆ ಬರುವುದು ಒಂದೇ ಮಾತು ಎಂದು ಗೊತ್ತಿದ್ದುದರಿಂದ ಮಗಳಿಗೂ ಏನೂ ವಿವರಿಸಲಿಲ್ಲ. ಪ್ಲಾಸ್ಟರ್ ಮಾವ ಪಟ್ಟಿಗಳನ್ನು ನೀರಲ್ಲಿ ಅದ್ದಿ, ಹಿಂಡಿ, ಒಂದರ ಮೇಲೊಂದು ಸುತ್ತಿ, ಅಂಗೈಯಿಂದ ನೀವುತ್ತ ಹೋದ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಅದು ಬಿಸಿಯಾಗಿ, ಮತ್ತೆ ಆರುವವರೆಗೂ ಅಳಿಯ ಕೇಳುತ್ತಲೇ ಇದ್ದ. ಬರಬರುತ್ತ ದನಿ ಸಣ್ಣದಾಗಿ, ತುಟಿ ಮಾತ್ರ ಅಲುಗಿ, ಆಮೇಲೆ ಅದೂ ನಿಂತಿತು. ಕೊನೆಗೆ ಪ್ಲಾಸ್ಟರ್ ಮಾವ ಬೆರಳಿನ ಗೆಣ್ಣಿನಿಂದ ಪಟ್ಟಿಯನ್ನು ತಟ್ಟಿ ನೋಡಿ, ಆಯಿತು ಎಂಬಂತೆ ತಲೆಯಾಡಿಸಿದ.

ಮಗಳು ಎದ್ದಳು. ಗಂಡನ ಬಲಗೈಯನ್ನು ಇನ್ನೂ ಹಿಡಿದುಕೊಂಡಿದ್ದ ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಆ ಕೈಯನ್ನು ತಾನು ಹಿಡಿದುಕೊಂಡಳು. "ನೀನಿನ್ನು ನಮ್ಮ ಮನೆಗೆ ಬರಬೇಡ" ಎಂದಳು. ಅಕ್ಕ ಆಗಲೂ ಬಾಯಿ ತೆರೆಯಲಿಲ್ಲ.